ಅಕ್ಕನ ಫೋಟೋಕ್ಕೆ ಬಿದ್ದ ಹಳದಿ

ಕೊಲ್ಹಾಪುರದ ಆ ಕಲರ್ ಲ್ಯಾಬಿನವನ ಮಾತು ಬಂದರೆ ಜಿನಗೊಂಡನ ಮೈ ಇವತ್ತಿಗೂ ಉರಿಯುತ್ತದೆ. ಉಣ್ಣುವ ಹೊತ್ತಿನಲ್ಲಿ ಯಾರೂ ಆ ಮಾತು ತೆಗೆಯಬಾರದು. ತೆಗೆದರೆ ತಾಟು ಅತ್ತ ಸರಿಸಿ ಎದ್ದೇಬಿಡುತ್ತಾನೆ. ಇಚಲಕರಂಜಿಯ ಮಗ್ಗುಲಿನ ಯಡ್ರಾವದಲ್ಲಿ ಅವನನ್ನು ಬಲ್ಲವರೆಲ್ಲ ಈ ಕಥೆ ಕೇಳಿ ದಣಿದವರೇ. ಕೇಳದವನೊಬ್ಬ ಅಪ್ಪಿತಪ್ಪಿ ಸಿಕ್ಕನೋ, ಚಹಾ ತರಿಸಿ, ಮಗ್ಗಗಳ ಸದ್ದಿನ ಮೇಲೆ ದನಿ ಏರಿಸಿ, ಮೊದಲಿನಿಂದ ಹೇಳಲು ಕೂತುಬಿಡುತ್ತಾನೆ.

ಆದದ್ದಿಷ್ಟು. ಅವನ ಅಕ್ಕ ಮಾಣಿಕಬಾಯಿ ದೀಕ್ಷೆ ತೆಗೆದುಕೊಂಡು, ಜೈನರ ಬಿಳಿಸೀರೆಯ ಸಂನ್ಯಾಸಿನಿ, ಆರ್ಯಿಕೆಯಾಗಿ, ಮನೆಮಂದಿಯ ಹಂಗು ಹರಿದುಕೊಂಡು ಸಂಘದ ಜೊತೆ ಬರಿಗಾಲಲ್ಲಿ ನಡೆದುಹೋದಳು. ಆ ದಿನದ ಒಂದು ಫೋಟೋ ಜಿನಗೊಂಡನ ಮಗಳ ಮೊಬೈಲಿನಲ್ಲಿತ್ತು. ಅದನ್ನು ದೊಡ್ಡದಾಗಿ ಮಾಡಿಸಲು ಅವನು ಕೊಲ್ಹಾಪುರಕ್ಕೆ ಹೋದ. ಇಚಲಕರಂಜಿಯಲ್ಲಿ ಗಲ್ಲಿಗೊಂದು ಸ್ಟುಡಿಯೋ ಇರುವಾಗ ಅಷ್ಟು ದೂರ ಹೋದದ್ದೇಕೆಂದರೆ, ದೊಡ್ಡ ಊರು, ದೊಡ್ಡ ಮಶೀನು, ಬಣ್ಣ ಸರಿಯಾಗಿ ಬಂದೀತು ಎಂಬ ನಂಬಿಕೆ. ಫೋಟೋದಲ್ಲಿ ಅಕ್ಕನ ಮುಖ ಅರಿಶಿಣ ಬಳಿದ ಹಾಗಿತ್ತು. ಮಂಟಪಕ್ಕೆ ಬಿಗಿದಿದ್ದ ಹಳದಿ ಬಟ್ಟೆಯ ಬೆಳಕು ಮುಖದ ಮೇಲೆ ಬಿದ್ದಿತ್ತು. ಆ ಹಳದಿಯಷ್ಟನ್ನು ತೆಗೆ, ಮುಖ ಹೇಗಿತ್ತೋ ಹಾಗೆ ಬರಲಿ ಎಂದು ಹೇಳಿ ಬಂದ. ವಾರ ಬಿಟ್ಟು ಹೋದಾಗ ಲ್ಯಾಬಿನವನು ಕೈಗಿತ್ತದ್ದು ಬೇರೆ ಯಾವುದೋ ಹೆಂಗಸನ್ನು. ಹಣೆ ಹಾಲು, ಕೆನ್ನೆ ಗುಲಾಬಿ, ಅರವತ್ತು ದಾಟಿದ ಮುಖದಲ್ಲಿ ಒಂದು ಸುಕ್ಕಿಲ್ಲ. ಕ್ಯಾಲೆಂಡರಿನ ದೇವಿಗೂ ಯಾರೂ ಅಷ್ಟು ಬಣ್ಣ ಬಳಿಯುವುದಿಲ್ಲ.

ಜಿನಗೊಂಡ ಮರಾಠಿಯಲ್ಲಿ ಶುರು ಮಾಡಿದ ಮಾತು ಸಿಟ್ಟು ಏರಿದಂತೆ ಕನ್ನಡಕ್ಕೆ ಹೊರಳಿತು. "ನಮ್ಮಕ್ಕ ಬೆಲ್ಲದ ಬಣ್ಣದಾಕಿ. ಇದ್ಯಾರನ್ನ ತಂದು ಕೊಟ್ಟಿ ನನಗ?"

ಲ್ಯಾಬಿನವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಕಾಕಾ, ಸಗಳ್ಯಾನ್ನಾ ಗೋರಂಚ ಲಾಗತಂ," ಎಂದ. ಎಲ್ಲರಿಗೂ ಬೆಳ್ಳಗೇ ಬೇಕಂತೆ.

ಜಿನಗೊಂಡ ಫೋಟೋವನ್ನು ಅವನ ಟೇಬಲ್ಲಿನ ಮೇಲೆಯೇ ಎರಡು ಹೋಳು ಮಾಡಿ ಬಂದ. ಎಷ್ಟೆಂದರೂ ಅದು ಅಕ್ಕನ ಫೋಟೋ, ಹರಿಯಬಾರದಿತ್ತು ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಆ ಪಾಪವನ್ನೂ ಅವನು ಲ್ಯಾಬಿನವನ ತಲೆಗೇ ಕಟ್ಟಿದ್ದಾನೆ.

ಮನೆಗೆ ಬಂದವನೇ ಮಗಳನ್ನು ಕರೆದ. ಸೋನಲ ಬಿ.ಕಾಂ. ಓದಿ ಇಚಲಕರಂಜಿಯ ಒಂದು ನೂಲಿನ ವ್ಯಾಪಾರದ ಪೇಢಿಯಲ್ಲಿ ಕೆಲಸಕ್ಕಿದ್ದಳು, ಕಂಪ್ಯೂಟರ್ ಬಲ್ಲವಳು. "ಇನ್ನ ಯಾರ ಕಾಲೂ ಹಿಡಿಯೂದು ಬ್ಯಾಡ. ಒಂದು ಪ್ರಿಂಟರ್ ತರೂಣು. ಅಕ್ಕನ ಫೋಟೋ ಮನ್ಯಾಗ ತಗಿಯೂಣು," ಎಂದ. ಮಶೀನು ಎಂದರೆ ಜಿನಗೊಂಡನಿಗೆ ಹೆದರಿಕೆ ಇರಲಿಲ್ಲ. ಎಂಟು ಮಗ್ಗ ನಡೆಸುವವನು ಒಂದು ಪೆಟ್ಟಿಗೆಗೆ ಹೆದರುತ್ತಾನೆಯೇ?

ಜಿನಗೊಂಡನ ಬದುಕು ಹೇಳಹೊರಟರೆ ಅಕ್ಕನಿಂದಲೇ ಹಿಡಿಯಬೇಕು. ಮಾಣಿಕಬಾಯಿಯನ್ನು ಶಿರೋಳಕ್ಕೆ ಕೊಟ್ಟಿದ್ದರು. ಕಬ್ಬಿನ ಮನೆ, ಗಾಣದ ಮನೆ, ಉಣ್ಣಲು ಕೊರತೆಯಿಲ್ಲ. ಆದರೆ ಗಂಡ ಬದುಕಲಿಲ್ಲ. ಅವಳು ತವರಿಗೆ ಮರಳಿದ ವರ್ಷವೇ, ತಂದೆಯಿಲ್ಲದ ಆ ಮನೆಯಲ್ಲಿ ತಾಯಿಯೂ ಹೋದಳು. ಎರಡನೆಯ ಇಯತ್ತೆ ಓದುತ್ತಿದ್ದ ತಮ್ಮನನ್ನು ಮಡಿಲಿಗೆ ಹಾಕಿಕೊಂಡು ಮಾಣಿಕಬಾಯಿ ಪಕ್ಕದವರ ಮಗ್ಗದ ಶೆಡ್ಡಿನಲ್ಲಿ ಕಾಂಡಿ ಸುತ್ತಲು ಕೂತಳು. ಲಾಳಿಯೊಳಗೆ ಕೂರುವ ಆ ನೂಲಿನ ಕಡ್ಡಿಗಳನ್ನು ಸುತ್ತಿ ಸುತ್ತಿಯೇ ತಮ್ಮನನ್ನು ಬೆಳೆಸಿದಳು.

ತಮ್ಮನೋ, ಹುಟ್ಟುತ್ತಲೇ ಮೂಗಿನ ತುದಿಗೆ ಸಿಟ್ಟು ಕಟ್ಟಿಕೊಂಡು ಬಂದವನು. ನಾಲ್ಕನೆಯ ಇಯತ್ತೆಯಲ್ಲಿ ಗುರುಜಿ ಕಿವಿ ಹಿಂಡಿದರೆಂದು ಪಾಟಿ ಎಸೆದು ಬಂದ; ಅಲ್ಲಿಗೆ ಶಾಲೆ ಮುಗಿಯಿತು. ಅಕ್ಕ ಬೈಯಲಿಲ್ಲ. ತಾನೇ ಹೋಗಿ ಗುರುಜಿಯ ಕಾಲು ಮುಟ್ಟಿ ಬಂದು, ಮರುದಿನ ತಮ್ಮನನ್ನು ಶೆಡ್ಡಿಗೆ ಕರೆದೊಯ್ದು, ಹರಿದ ನೂಲಿಗೆ ಗಂಟು ಹಾಕುವುದನ್ನು ಕಲಿಸಿದಳು. ಅಲ್ಲಿಂದ ಮುಂದೆ ಅವರ ಬದುಕು ಹೀಗೇ ನಡೆಯಿತು: ಇವನು ಎಲ್ಲೋ ಬೆಂಕಿ ಹಚ್ಚಿ ಬರುವುದು, ಅವಳು ಹಿಂದಿನಿಂದ ನೀರು ಹೊತ್ತು ಹೋಗುವುದು. ನೂಲಿನ ವ್ಯಾಪಾರಿಯ ಮನೆ, ಬೀಗರ ಮನೆ, ಬೇಲಿಗೆ ಬೇಲಿ ಹತ್ತಿದ ಪಕ್ಕದವರ ಮನೆ, ಎಲ್ಲೆಲ್ಲಿ ಜಿನಗೊಂಡ ಬಾಯಿ ಮಾಡಿದ್ದನೋ ಅಲ್ಲೆಲ್ಲ ಮಾಣಿಕಬಾಯಿ ಸೆರಗು ಹೊದ್ದು ಹೋಗಿ, ನಮ್ಮ ಹುಡುಗಂದು ಬಾಯಿ ಅಷ್ಟರಿ, ಮನಸು ಹಂಗಿಲ್ಲ ಎಂದು ಹೇಳಿ ಬಂದಿದ್ದಳು. ಹುಡುಗನಿಗೆ ಐವತ್ತಾದರೂ ಅವಳ ಬಾಯಲ್ಲಿ ಅವನು ಹುಡುಗನೇ. 'ಜಿನ್ನೂ' ಎಂದೇ ಕರೆಯುತ್ತಿದ್ದಳು.

ಅಂಥವಳು ದೀಕ್ಷೆಗೆ ಹೊರಟಾಗ ಜಿನಗೊಂಡನಿಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. ಉಪವಾಸ, ಪ್ರವಚನ ಎಂದು ಅವಳು ವರ್ಷಗಟ್ಟಲೆ ಅತ್ತ ವಾಲುತ್ತಿದ್ದದ್ದು ಅವನಿಗೆ ಗೊತ್ತಿತ್ತು, ಆದರೆ ಮನೆಯನ್ನೇ ಬಿಟ್ಟಾಳು ಎಂದುಕೊಂಡಿರಲಿಲ್ಲ. ಮೊಣಕಾಲು ನೋವಿನವಳು ಊರೂರು ನಡೆಯುವುದೆಂದರೇನು? ದಿನಕ್ಕೊಂದೇ ಸಲ, ಅದೂ ಬೊಗಸೆಯಲ್ಲಿ ಹಾಕಿದ್ದನ್ನು ಉಣ್ಣುವುದೆಂದರೇನು? ಕೂಗಾಡಿದ, ಮಾತು ಬಿಟ್ಟ, ಎರಡು ದಿನ ಉಣ್ಣಲಿಲ್ಲ. ಅಕ್ಕ ಎದುರಾಡಲಿಲ್ಲ, ಮನಸ್ಸೂ ಬದಲಿಸಲಿಲ್ಲ. ಕೊನೆಗೆ ಹೆಂಡತಿ ಸುಶೀಲಾಬಾಯಿ, ಹೋಗುವವರನ್ನು ಬೈದು ಕಳಿಸಬಾರದು ಎಂದು ತಿಳಿಹೇಳಿದ ಮೇಲೆ, ಒಂದೇ ಒಂದು ಮಾತು ಹೇಳಿದ. ಅಕ್ಕ ಉಡುವ ಬಿಳಿ ಸೀರೆ ತನ್ನ ಮಗ್ಗದ್ದೇ ಆಗಬೇಕು.

ಆ ಸೀರೆಗೆ ಅವನು ಒಳ್ಳೆಯ ಸಣ್ಣ ನೂಲು ತರಿಸಿದ. ಒಂದು ಮಗ್ಗ ಅದಕ್ಕೇ ಮೀಸಲಿಟ್ಟ, ಕೂಲಿಯವರ ಕೈಗೆ ಕೊಡದೆ ತಾನೇ ನಿಂತ. ಮಗ್ಗದಿಂದ ಇಳಿದ ಕೋರಾ ಬಟ್ಟೆ ಎಂದೂ ಬೆಳ್ಳಗಿರುವುದಿಲ್ಲ. ಕೆನೆಯ ಬಣ್ಣ, ನಡುನಡುವೆ ಹತ್ತಿಬೀಜದ ಸಿಪ್ಪೆ. ಅದನ್ನು ಬಿಳುಪು ಮಾಡಲು ಪ್ರೊಸೆಸ್ ಹೌಸಿಗೆ ಒಯ್ದು, ಅಲ್ಲಿ ಕೆಲಸಕ್ಕಿದ್ದ ಜೋತಿಬಾನ ಬೆನ್ನು ಹತ್ತಿದ. ಮಂಟಪದಲ್ಲಿ ಕೂತವರ ಕಣ್ಣು ಕುಕ್ಕಬೇಕು ಎಂದ. ಜೋತಿಬಾ ಹೊಳಪಿನ ಪುಡಿಯನ್ನು ಒಂದಕ್ಕೆರಡು ಹಾಕಿ ಕೊಟ್ಟ. ಬಿಸಿಲಿಗೆ ಹಿಡಿದರೆ ಬೆಳದಿಂಗಳ ಹಾಗೆ ನೀಲಿ ಹೊಡೆಯುವ ಬಿಳುಪು. ಇಚಲಕರಂಜಿಯಲ್ಲಿ ಇಂಥ ಬಿಳಿ ಬಟ್ಟೆ ಇನ್ನೊಂದಿಲ್ಲ ಎಂದು ಜಿನಗೊಂಡ ಊರೆಲ್ಲ ಹೇಳಿದ. ಅಕ್ಕನನ್ನು ತಡೆಯಲಾಗದ ಸಂಕಟವೆಲ್ಲ ಆ ಸೀರೆಯ ಹೆಮ್ಮೆಯಾಗಿ ಹೊರಬಂತು.

ದೀಕ್ಷೆಯ ಬೆಳಿಗ್ಗೆ ಒಂದು ಪದ್ಧತಿಯಿದೆ. ಮನೆ ಬಿಟ್ಟು ಹೊರಟವರು, ತಮ್ಮ ಕೂದಲು ತಾವೇ ಕೀಳುವ ಕೇಶಲೋಚಕ್ಕೆ ಕೂರುವ ಮೊದಲು, ಬಂಧುಬಳಗದ ಒಬ್ಬೊಬ್ಬರ ಎದುರು ನಿಂತು ಕ್ಷಮೆ ಬೇಡುತ್ತಾರೆ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿರಿ ಎನ್ನುತ್ತಾರೆ; ಎದುರಿನವರು ಕ್ಷಮಿಸಿದೆ, ನೀವೂ ನಮ್ಮನ್ನು ಕ್ಷಮಿಸಿರಿ ಎನ್ನಬೇಕು. ಆಗ ಎರಡೂ ಕಡೆಯ ಗಂಟು ಬಿಚ್ಚುತ್ತದೆ. ಮಾಣಿಕಬಾಯಿ ಹೊಸ ಬಿಳಿ ಸೀರೆಯುಟ್ಟು, ಮಂಟಪದ ಅಂಚಿಗೆ ಸಾಲಾಗಿ ನಿಂತವರ ಎದುರು ಕೈ ಮುಗಿಯುತ್ತ ಬಂದಳು. ಸುಶೀಲಾಬಾಯಿ ಅತ್ತು, ಕ್ಷಮಿಸಿ, ಕಾಲಿಗೆ ಬಿದ್ದಳು. ಆಮೇಲೆ ಜಿನಗೊಂಡನ ಸರದಿ.

"ಜಿನ್ನೂ, ನನ್ನಿಂದ ಏನರ ತಪ್ಪಾಗಿದ್ದರ ಕ್ಷಮಾ ಮಾಡಪಾ," ಎಂದಳು ಮಾಣಿಕಬಾಯಿ.

ಯಾರ ತಪ್ಪಿಗೆ ಯಾರು ಕ್ಷಮೆ ಕೇಳುವುದು? ಹುಟ್ಟಿದಾಗಿನಿಂದ ತನ್ನ ತಪ್ಪುಗಳನ್ನು ಊರಮನೆಗಳಲ್ಲಿ ತೊಳೆದು ಬಂದವಳು ಈಗ ತನ್ನೆದುರೇ ಕೈ ಮುಗಿದು ನಿಂತಿದ್ದಾಳೆ. ಹೂಂ ಎಂದರೆ ಹೋಗಿಬಿಡುತ್ತಾಳೆ. ಜಿನಗೊಂಡನ ಎದೆಯಲ್ಲಿ ಎದ್ದದ್ದು ಅಳುವೋ ಸಿಟ್ಟೋ ಅವನಿಗೇ ತಿಳಿಯಲಿಲ್ಲ; ಬಾಯಿಗೆ ಬರುವ ಹೊತ್ತಿಗೆ ಮಾತ್ರ ಅದು ಸಿಟ್ಟೇ ಆಗಿತ್ತು. ಮುಖ ತಿರುಗಿಸಿ, ಸ್ಪೀಕರಿನ ವೈರು ಎಳೆಯುತ್ತಿದ್ದವನ ಮೇಲೆ ಹರಿಹಾಯ್ದ. ಜನರ ಕಾಲಿಗೆ ತೊಡಕುತ್ತದೆ, ಕಣ್ಣಿಲ್ಲವೇ ನಿನಗೆ ಎಂದು ಕೂಗಿದ. ಕೂಗಿ ತಿರುಗುವಷ್ಟರಲ್ಲಿ ಮುಂದಿನವರು ಅಕ್ಕನನ್ನು ಕರೆದಿದ್ದರು. ಅವಳು ಆ ಕಡೆ ನಡೆದಳು. ಅಲ್ಲಿಂದ ಕೇಶಲೋಚ, ಮಂತ್ರ, ಹೊಸ ಹೆಸರು, ಜಯಕಾರ. ಸಂಜೆಯ ಹೊತ್ತಿಗೆ ಅವನಿಗೆ ಅಕ್ಕ ಎಂಬುವಳು ಇರಲಿಲ್ಲ.

ಸೋನಲಳ ಮೊಬೈಲಿನಲ್ಲಿದ್ದ ಫೋಟೋ ಆ ಗಳಿಗೆಯದು. ಅಪ್ಪನ ಹಿಂದೆ ನಿಂತು ತೆಗೆದಿದ್ದಳು. ಅಂಚಿನಲ್ಲಿ ಜಿನಗೊಂಡನ ಭುಜದ ಒಂದು ತುಂಡು. ನಡುವೆ ಮಾಣಿಕಬಾಯಿ, ಮುಗಿದ ಕೈ, ಉತ್ತರಕ್ಕೆ ಕಾದು ನಿಂತ ಕಣ್ಣು. ಆ ಮುಖ ಒಂದು ಸಲ ಇದ್ದ ಹಾಗೆ ಬರಲಿ, ಗೋಡೆಗೆ ಹಾಕಿ, ಬಾಗಿಲು ಹಾಕಿಕೊಂಡು, ಆವತ್ತು ಹೇಳದ ಮಾತನ್ನು ಅದಕ್ಕಾದರೂ ಹೇಳುತ್ತೇನೆ ಎಂದು ಜಿನಗೊಂಡ ಹೆಂಡತಿಯ ಮುಂದೆ ಒಂದೇ ಒಂದು ಸಲ ಬಾಯಿಬಿಟ್ಟಿದ್ದ. ಹಳದಿ ಮುಖದ ಹೆಂಗಸಿಗೆ ಹೇಳುವುದು ಹೇಗೆ? ಲ್ಯಾಬಿನವನ ಗುಲಾಬಿ ಹೆಂಗಸಿಗಂತೂ ಹೇಳುವ ಮಾತೇ ಇಲ್ಲ.

ಪ್ರಿಂಟರ್ ಬಂತು. ನಾಲ್ಕು ಬಣ್ಣದ ಶಾಯಿ ತುಂಬುವ, ಬಿಳಿ ಪೆಟ್ಟಿಗೆಯಂಥದು. ಜಿನಗೊಂಡ ಕುಂಕುಮ ಹಚ್ಚಿ ಪೂಜೆ ಮಾಡಿದ. ಮಗ್ಗದ ಶೆಡ್ಡಿಗೂ ಮನೆಗೂ ಒಂದೇ ಗೋಡೆಯಾದ್ದರಿಂದ, ಕಣ್ಣ ಮುಂದಿರಲಿ ಎಂದು ಶೆಡ್ಡಿನ ಕಡೆಯ ಕೋಣೆಯಲ್ಲಿ ಇಡಿಸಿದ. ಮೊದಲ ದಿನ ಬಂದ ಫೋಟೋ ಮೊಬೈಲಿನ ಹಾಗೆಯೇ ಹಳದಿ ಇತ್ತು, ಅದು ಸರಿ, ಇನ್ನೂ ಏನೂ ತಿದ್ದಿರಲಿಲ್ಲ. ಆದರೆ ವಾರ ಕಳೆಯುವುದರಲ್ಲಿ ಅಕ್ಕ ಹಸಿರಾಗತೊಡಗಿದಳು. ಕೆನ್ನೆ, ಹಣೆ, ಮುಗಿದ ಕೈ, ಎಲ್ಲ ಪಾಚಿ ಹಿಡಿದ ಹಾಗೆ. ಜಿನಗೊಂಡ ಪೆಟ್ಟಿಗೆಯ ನೆತ್ತಿಗೆ ಒಂದು ಗುದ್ದಿದ. ಮಗ್ಗವಾದರೆ ಗುದ್ದಿಗೆ ಒಮ್ಮೊಮ್ಮೆ ಬಗ್ಗುತ್ತದೆ. ಇದು ಬಗ್ಗಲಿಲ್ಲ, ಇನ್ನೊಂದು ಹಸಿರು ಅಕ್ಕನನ್ನು ಉಗುಳಿತು.

ಸೋನಲ ಗೆರೆಗಳ ಒಂದು ಪರೀಕ್ಷಾ ಹಾಳೆ ತೆಗೆದು ನೋಡಿದಳು. ನೀಲಿ ಗೆರೆ ಇತ್ತು, ಹಳದಿ ಇತ್ತು, ಕಪ್ಪು ಇತ್ತು. ಗುಲಾಬಿ ಗೆರೆಯೇ ಕಾಣೆ. ಆ ಕೆಂಪು ಬಾರದಿದ್ದರೆ ನೀಲಿ, ಹಳದಿ ಸೇರಿ ಉಳಿಯುವುದು ಹಸಿರೇ ತಾನೆ? ಶೆಡ್ಡಿನಿಂದ ಹಾರುವ ಹತ್ತಿಯ ಧೂಳು ಪೆಟ್ಟಿಗೆಯೊಳಗೆ ಸೇರಿ, ಶಾಯಿಗೆ ಅಂಟಿ, ಗುಲಾಬಿಯ ಸೂಜಿಗಂಡಿಗಳನ್ನು ಮುಚ್ಚಿತ್ತು. ಆ ಧೂಳು ಅವನ ಎದೆಗೂಡಿನಲ್ಲಿ, ಹುಬ್ಬಿನಲ್ಲಿ, ಅನ್ನದ ಪಾತ್ರೆಯಲ್ಲಿ ಎಷ್ಟೋ ವರ್ಷಗಳಿಂದ ಇದೆ. ಯಾವತ್ತೂ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತನ್ನ ಅನ್ನದ ಧೂಳೇ ಅಕ್ಕನ ಮುಖಕ್ಕೆ ಅಡ್ಡ ಬಂತಲ್ಲ ಎಂದುಕೊಂಡ. ಪ್ರಿಂಟರನ್ನು ಒಳಮನೆಗೆ ಸಾಗಿಸಿ, ಸುಶೀಲಾಬಾಯಿಯ ಹಳೆಯ ಸೀರೆ ಹೊದಿಸಿದರು. ಮಗಳು ನಾಲ್ಕಾರು ಸಲ ಸೂಜಿಗಂಡಿ ತೊಳೆಯುವ ಬಟನ್ನು ಒತ್ತಿದ ಮೇಲೆ ಗುಲಾಬಿ ಗೆರೆ ಮರಳಿತು. ಹಸಿರು ಹೋಯಿತು. ಹಳದಿ ಉಳಿಯಿತು.

ಹಳದಿ ತೆಗೆಯುವ ಉಪಾಯ ಮೊಬೈಲಿನಲ್ಲೇ ಇದೆ ಎಂದಳು ಸೋನಲ. ಫೋಟೋದಲ್ಲಿ ಯಾವುದು ನಿಜಕ್ಕೂ ಬೆಳ್ಳಗಿದೆಯೋ ಅದರ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು. ಅದನ್ನು ಹಿಡಿದುಕೊಂಡು ಮೊಬೈಲು ಉಳಿದ ಬಣ್ಣಗಳನ್ನೆಲ್ಲ ಸರಿಪಡಿಸುತ್ತದೆ.

ಜಿನಗೊಂಡ ನಕ್ಕೇಬಿಟ್ಟ. ಬಿಳಿ ಯಾವುದೆಂದು ತನ್ನನ್ನು ಕೇಳುವುದೇ? ತಾನೇ ನಿಂತು ನೇಯ್ದ, ಜೋತಿಬಾನ ಬೆನ್ನು ಹತ್ತಿ ಬಿಳುಪು ಮಾಡಿಸಿದ ಸೀರೆ ಅಲ್ಲೇ ಇದೆಯಲ್ಲ! ಅಕ್ಕನ ಸೆರಗಿನ ಮೇಲೆ ಬೆರಳು ಒತ್ತಿದ. ಮುಖ ಸರಿಯಾಗುವುದು ಬಿಟ್ಟು ಇನ್ನಷ್ಟು ಹಳದಿಗೆ ಇಳಿಯಿತು. ನಿರಿಗೆಯ ಮೇಲೆ ಒತ್ತಿದ, ತೋಳಿನ ಮೇಲೆ ಒತ್ತಿದ. ಪ್ರತಿ ಸಲವೂ ಅಕ್ಕ ಅರಿಶಿಣ ಕಾಮಣಿ ರೋಗ ಆದವಳ ಹಾಗೆ ಕಂಡಳು. ಬೇಸತ್ತು, ಕೈಯಿಂದಲೇ ಹಳದಿ ಇಳಿಸು ಎಂದ. ಮಗಳು ಮೊಬೈಲಿನ ಬಣ್ಣದ ಗೀಟು ಸರಿಸುತ್ತ ಮುಖವನ್ನು ಒಂದು ಹದಕ್ಕೆ ತಂದರೆ ಸೀರೆ ಬಟ್ಟೆಗೆ ಹಾಕುವ ನೀಲದ ಬಕೆಟ್ಟಿನಲ್ಲಿ ಅದ್ದಿದ ಹಾಗೆ ನೀಲಿಯಾಯಿತು. ಆರ್ಯಿಕೆಗೆ ನೀಲಿ ಸೀರೆ! ನೋಡಿದವರು ಏನಂದಾರು? ಮತ್ತೆ ಸೀರೆ ಬೆಳ್ಳಗೆ ಮಾಡಿದರೆ ಮುಖಕ್ಕೆ ಮತ್ತೆ ಕಾಮಣಿ.

"ಅಪ್ಪಾ, ನಿಮ್ಮ ಸೀರಿ ಬೆಳ್ಳಗ ಇಲ್ಲೇನೋ ಅನಸ್ತೈತಿ," ಎಂದಳು ಸೋನಲ ಮೆಲ್ಲಗೆ.

ಅವನು ಸ್ಟೂಲು ಒದ್ದು ಎದ್ದ. "ಏನಂದಿ? ನಾ ನೇಯ್ದಿದ್ದು ಬೆಳ್ಳಗ ಇಲ್ಲ? ನಿನ್ನ ಮೊಬೈಲಿನ ಕಣ್ಣು ಹೋಗ್ಯಾವು. ಬಿಳಿ ಅಂದ್ರ ಏನು ಅಂತ ಅದಕ್ಕ ಕಲಿಸು ಹೋಗು."

ಮಗಳು ಆಮೇಲೆ ಆ ಮಾತು ಎತ್ತಲಿಲ್ಲ. ಅವನ ಮನೆಯಲ್ಲಿ ಮಾತು ನಿಲ್ಲುವುದು ಹೀಗೆಯೇ. ನಿಂತ ಮಾತು ಸರಿಯೋ ತಪ್ಪೋ ನೋಡುವುದಕ್ಕೆ ಯಾರೂ ತಿರುಗಿ ಹೋಗುವುದಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಕಪಾಟಿನಲ್ಲಿ ಬಗೆಬಗೆಯ ಅಕ್ಕಂದಿರು ಸೇರಿದ್ದರು. ಜಿನಗೊಂಡ ಒಂದೊಂದನ್ನೂ ಬಾಗಿಲಿಗೆ ಒಯ್ದು, ವ್ಯಾಪಾರಿಗಳು ಬಟ್ಟೆಯ ಶೇಡು ನೋಡುವ ಹಾಗೆ ಹಗಲ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದ. ಕೆಟ್ಟದ್ದೆಂದರೆ, ಅಕ್ಕನ ನಿಜವಾದ ಬಣ್ಣ ಯಾವುದೆಂಬುದೇ ಈಗ ಮನೆಯಲ್ಲಿ ಜಗಳಕ್ಕೆ ಬಂದಿತ್ತು. ಬೆಲ್ಲದ ಬಣ್ಣ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಯಾವ ಬೆಲ್ಲ? ಪೇಟೆಯಲ್ಲಿ ಮಾರುವ ಪೆಂಟೆಯ, ಬಂಗಾರದ ಬಣ್ಣದ್ದೋ, ಪುಡಿಗಿಡಿ ಬೀಳದ ಮನೆಗಾಣದ ಕಪ್ಪು ಬೆಲ್ಲವೋ? ಜಿನಗೊಂಡ ಕಪ್ಪು ಎಂದ. ಸುಶೀಲಾಬಾಯಿ ಅಷ್ಟು ಕಪ್ಪಲ್ಲ, ಎರಡರ ನಡುವೆ ಎಂದಳು. ನಲವತ್ತು ವರ್ಷಕ್ಕೂ ಮೇಲೆ ಒಂದೇ ಸೂರಿನಡಿ ನೋಡಿದ ಮುಖ, ಕಣ್ಣು ಮುಚ್ಚಿದರೆ ಕಾಣಬೇಕು. ಆದರೆ ಈಗ ಕಣ್ಣು ಮುಚ್ಚಿದರೆ ಜಿನಗೊಂಡನಿಗೆ ಕಪಾಟಿನ ಹಳದಿ ಮುಖಗಳೇ ಸಾಲಾಗಿ ಬರುತ್ತಿದ್ದವು. ಅವನು ಹೆದರಿದ. ಆ ಹೆದರಿಕೆಯಲ್ಲೇ ಗಡಹಿಂಗ್ಲಜಕ್ಕೆ ಹೊರಟ.

ಸಂಘದ ಚಾತುರ್ಮಾಸ ಆ ವರ್ಷ ಗಡಹಿಂಗ್ಲಜದ ಹತ್ತಿರದ ಒಂದು ಹಳ್ಳಿಯ ಬಸದಿಯಲ್ಲಿತ್ತು. ಮಳೆಯ ನಾಲ್ಕು ತಿಂಗಳು ಅವರು ಊರು ಬದಲಿಸುವುದಿಲ್ಲ. ಹೋದರೆ ಖಂಡಿತ ಸಿಗುತ್ತಾರೆ. ಮೂಲ ಎದುರಿಗಿದ್ದರೆ ಶೇಡು ಹೊಂದಿಸುವುದು ಯಾವ ದೊಡ್ಡ ಮಾತು? ಇದ್ದುದರಲ್ಲಿ ಪರವಾಗಿಲ್ಲ ಎನ್ನುವ ಕೆಲವು ಫೋಟೋಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಹೆಂಡತಿ ಮಗಳ ಜೊತೆ ಬಸ್ಸು ಹತ್ತಿದ. ಬಂದ ಕೆಲಸ ಶೇಡು ಹೊಂದಿಸುವುದು ಎಂದೇ ಅವನು ಹೇಳಿದ. ಆದರೆ ಸುಶೀಲಾಬಾಯಿಗೆ ಗಂಡ ಗೊತ್ತು. ಫೋಟೋಕ್ಕೆ ಹೇಳುವ ಮಾತನ್ನು ಎದುರಿಗೇ ಹೇಳಲಿ, ಗಂಟು ಅಲ್ಲೇ ಬಿಚ್ಚಲಿ ಎಂದು ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಂತ್ರ ಹೇಳುತ್ತಿದ್ದಳು.

ಬಸದಿಯ ಪಡಸಾಲೆಯಲ್ಲಿ ಮಾತಾಜಿಗಳು, ಅಂದರೆ ಆರ್ಯಿಕೆಯರು, ಹಲಗೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ನವಿಲುಗರಿಯ ಪಿಂಛಿ. ಜನ ಒಬ್ಬೊಬ್ಬರಾಗಿ ಬಂದು 'ವಂದಾಮಿ' ಎಂದು ಬಾಗಿ ಕೂರುತ್ತಿದ್ದರು. ಸಾಲು ನೋಡಿಕೊಳ್ಳುತ್ತಿದ್ದವನು ಅಭಯಕುಮಾರ ಎಂಬ ಆ ಊರಿನವನು, ನಯದ ಮನುಷ್ಯ, ಎಲ್ಲರಿಗೂ ಮೆಲುದನಿಯಲ್ಲಿ ಜಾಗ ತೋರಿಸುತ್ತಿದ್ದ. ಜಿನಗೊಂಡ ಅಕ್ಕ ಕೂತ ಹಲಗೆಯ ಎದುರು ಬಾಗಿದ, ವಂದಾಮಿ ಎಂದ. ಮಾತಾಜಿ ಎಲ್ಲರಿಗೂ ಎತ್ತಿದ ಹಾಗೆಯೇ ಕೈ ಎತ್ತಿ ಹರಸಿದರು. ಅವನಿಗೆಂದು ಒಂದು ಬೆರಳಿನಷ್ಟೂ ಹೆಚ್ಚು ಎತ್ತಲಿಲ್ಲ.

ಅವನು ತಲೆ ಎತ್ತಿ ನೋಡಿದ. ನೋಡಿ, ಚೀಲದಿಂದ ಫೋಟೋ ತೆಗೆಯುತ್ತಿದ್ದ ಕೈ ಅಲ್ಲೇ ನಿಂತಿತು. ಬಿಸಿಲು ನುಂಗಿ ನುಂಗಿ ಕಪ್ಪಾದ ಮುಖ. ಗಲ್ಲದ ಎಲುಬು ಮೇಲೆದ್ದಿತ್ತು, ತಲೆಯ ಮೇಲೆ ಮೊಳಕೆಯಂಥ ಬಿಳಿ ಕೂದಲು. ಅದು ಪೇಟೆಯ ಬೆಲ್ಲವೂ ಅಲ್ಲ, ಮನೆಗಾಣದ್ದೂ ಅಲ್ಲ. ಯಾವ ಫೋಟೋವನ್ನು ಇದರ ಪಕ್ಕ ಹಿಡಿಯುವುದು? ಹೊಂದಿಸಲು ಬಂದ ಮೂಲವೇ ಬದಲಾಗಿ ಕೂತಿತ್ತು. ಆದರೂ ಬಂದ ಹಟಕ್ಕೆ ಒಂದನ್ನು ತೆಗೆದು, ಶೇಡ್ ಕಾರ್ಡಿನ ಹಾಗೆ ಓರೆ ಮಾಡಿ ಅವರ ಮುಖದ ನೇರಕ್ಕೆ ಹಿಡಿದ. ಸುಶೀಲಾಬಾಯಿ ಅಂಗಿಯ ತುದಿ ಎಳೆದಳು.

"ಏನ ತಂದೀರಿ?" ಎಂದರು ಮಾತಾಜಿ.

ತಂದೀರಿ. ತುಂಬಿದ ಬಸದಿಯಲ್ಲಿ ಆ 'ರಿ' ಜಿನಗೊಂಡನ ಕಿವಿಗೆ ಕಾದ ಸೀಸದ ಹಾಗೆ ಬಿತ್ತು. ಅವರು ಫೋಟೋವನ್ನು ಮುಟ್ಟಲಿಲ್ಲ, ಕೂತಲ್ಲಿಂದಲೇ ನೋಡಿದರು. ತುಟಿಯ ಅಂಚಿನಲ್ಲಿ ನಗು ಬಂದು ಹೋದ ಹಾಗಾಯಿತು.

"ಆವತ್ತ ಬಟ್ಟಿ ಭಾಳ ನೀಲಿ ಹೊಡೀತಿತ್ತು. ಕಣ್ಣಿಗೆ ಚುಚ್ಚತಿತ್ತು. ಈಗ ಚಲೋ ಐತಿ," ಎಂದರು.

ಅವನ ಕಣ್ಣು ಆಗ ಸೀರೆಗೆ ಇಳಿಯಿತು. ಅದೇ ಸೀರೆ, ತನ್ನ ಮಗ್ಗದ ಅಂಚು ಅವನಿಗೆ ಕತ್ತಲಲ್ಲೂ ಗೊತ್ತು. ಬಿಸಿಲಲ್ಲಿ ಒಣಗಿ ಒಣಗಿ ಜೋತಿಬಾನ ಪುಡಿಯೆಲ್ಲ ಹಾರಿ, ಮಗ್ಗದಿಂದ ಇಳಿದ ದಿನದ ಕೆನೆಬಣ್ಣದ ಹತ್ತಿರ ಬಂದಿತ್ತು. ಬಿಳಿ ಎಂದು ತಾನು ಬೆರಳಿಟ್ಟು ಇಟ್ಟು ತೋರಿಸಿದ್ದು ನೀಲಿಯನ್ನು. ನೀಲಿಯನ್ನು ಬಿಳಿ ಎಂದು ನಂಬಿದ ಮೊಬೈಲು, ಆ ನೀಲಿ ಕಳೆಯಲೆಂದು ಅಕ್ಕನ ಮುಖಕ್ಕೆ ಹಳದಿ ಸುರಿಯುತ್ತ ಹೋಗಿತ್ತು. ಮಗಳು ಹೇಳಿದ್ದಳು. ಸ್ಟೂಲು ಒದ್ದಿದ್ದ.

ಈಗಲೇ ಹೇಳಬೇಕು ಎನ್ನಿಸಿತು. "ಅಕ್ಕಾ," ಎಂದ, "ಆವತ್ತ ನೀ ಕೇಳಿದ್ದಕ್ಕ ನಾ..."

"ಅಕ್ಕ ಅನಬ್ಯಾಡ್ರಿ ಯಜಮಾನರ," ಎಂದ ಅಭಯಕುಮಾರ ಹಿಂದಿನಿಂದ, ನಯವಾಗಿಯೇ. "ಮಾತಾಜಿ ಅನ್ರಿ. ಈಗ ಅವರು ಯಾರಿಗೂ ಅಕ್ಕ ಅಲ್ಲ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಜಿನಗೊಂಡನ ನೆತ್ತಿಗೆ ರಕ್ತ ಏರಿತ್ತು. "ನೀ ಯಾಂವಲೇ ನನಗ ಹೇಳಾಂವ? ಈಕಿ ನನಗ ಅನ್ನ ಹಾಕ್ಯಾಳ, ನಿನಗ ಹಾಕಿಲ್ಲ," ಎಂದು ಎದ್ದು ನಿಂತ. ಕೂತವರೆಲ್ಲ ತಿರುಗಿ ನೋಡಿದರು. ಎಲ್ಲೋ ಒಂದು ಕೂಸು ಅತ್ತಿತು. ಅಭಯಕುಮಾರ ಕೈ ಮುಗಿದು ಹಿಂದೆ ಸರಿದ. ಅವನು ಸರಿದದ್ದು ನೋಡಿ ಜಿನಗೊಂಡನಿಗೆ ಇನ್ನೂ ಸಿಟ್ಟು ಬಂತು. ಜಗಳ ಮಾಡುವವರೊಡನೆ ಮಾಡಬಹುದು, ಕೈ ಮುಗಿಯುವವರೊಡನೆ ಏನು ಮಾಡುವುದು? ಇನ್ನೂ ನಾಲ್ಕು ಮಾತು ಕೂಗಿದ. ತಿರುಗಿದಾಗ ಮಾತಾಜಿ ಕಣ್ಣು ಮುಚ್ಚಿದ್ದರು. ಸಾಮಾಯಿಕದ ಧ್ಯಾನಕ್ಕೆ ಹೊತ್ತಾಯಿತು ಎಂದು ಯಾರೋ ಹೇಳಿದರು. ಜನ ಎದ್ದು ಹೊರಗೆ ಬಂದರು, ಅವನನ್ನೂ ಯಾರೋ ತೋಳು ಹಿಡಿದು ತಂದರು.

ಹಳಬರು ಹೇಳುತ್ತಾರೆ, ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು. ಬಸದಿಯ ಮೆಟ್ಟಿಲ ಮೇಲೆ ಜಿನಗೊಂಡ ಬಹಳ ಹೊತ್ತು ಕೂತ. ಜಿನುಗು ಮಳೆ ತಲೆ ನೆನೆಸುತ್ತಿತ್ತು. ಮೊದಲಾಗಿದ್ದರೆ ಇಂಥ ಹೊತ್ತಿಗೆ ಒಬ್ಬಳು ಸೆರಗು ಹೊದ್ದು ಒಳಗೆ ಹೋಗಿ, ನಮ್ಮ ಹುಡುಗಂದು ಬಾಯಿ ಅಷ್ಟರಿ ಎಂದು ಅಭಯಕುಮಾರನಿಗೆ ಹೇಳಿ ಬರುತ್ತಿದ್ದಳು. ಸುಶೀಲಾಬಾಯಿ ಹೋದಳು, ಏನೋ ಹೇಳಿ ಬಂದಳು.

ಬಸ್ಸಿನಲ್ಲಿ ಸೋನಲ ಮೊಬೈಲು ತೆಗೆದು ಆ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತ ಬಂದಳು. ಸೀರೆಯನ್ನು ಬಿಟ್ಟರೆ ಬೆಳ್ಳಗಿರುವುದು ಇನ್ನೇನಿದೆ ಎಂದು ಹುಡುಕುತ್ತಿದ್ದಳು. ಕೊನೆಗೆ ಅಪ್ಪನ ಕಡೆ ವಾಲಿ, ಸೆರಗಿನ ಕೆಳಗೆ ಕಿವಿಯ ಹತ್ತಿರ ಇಣುಕಿದ್ದ ನರೆಗೂದಲು ತೋರಿಸಿದಳು. ಅದಕ್ಕೆ ಯಾವ ಪುಡಿಯೂ ಹಾಕಿರಲಿಲ್ಲ. ಫೋಟೋ ತೆಗೆದ ಸ್ವಲ್ಪ ಹೊತ್ತಿನಲ್ಲೇ ಅಕ್ಕ ಅದನ್ನು ತನ್ನ ಕೈಯಿಂದಲೇ ಕಿತ್ತು ಹಾಕಿದ್ದಳು.

ಜಿನಗೊಂಡ ಬೆರಳಿಡಲು ಹೋಗಲಿಲ್ಲ. "ನೀನ ಒತ್ತು," ಎಂದ.

ಆ ಸಂಜೆ ಪ್ರಿಂಟರಿನಿಂದ ಬಂದ ಹಾಳೆಯನ್ನು ಸುಶೀಲಾಬಾಯಿಯೇ ಎತ್ತಿಕೊಂಡು ಬಾಗಿಲಿಗೆ ಹೋದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ನೋಡಿ, ಹೊಸ್ತಿಲ ಮೇಲೆ ಹಾಗೇ ಕೂತಳು. "ಇವರ ನೋಡ್ರಿ ನಮ್ಮ ಅಕ್ಕಾರು," ಎಂದಳು. ಸೀರೆಗೆ ತುಸು ನೀಲಿ ಇತ್ತು, ಆವತ್ತು ಇದ್ದದ್ದೇ ಅಷ್ಟು. ಮುಖ ಬೆಲ್ಲ. ಯಾವ ಬೆಲ್ಲ ಎಂದು ಯಾರೂ ಕೇಳಲಿಲ್ಲ.

ಜಿನಗೊಂಡ ಹಾಳೆಯನ್ನು ಕೈಗೆ ತೆಗೆದುಕೊಂಡ. ಇಷ್ಟು ದಿನ ಹಳದಿಯ ಹಿಂದೆ, ಹಸಿರಿನ ಹಿಂದೆ, ಗುಲಾಬಿಯ ಹಿಂದೆ ಅಡಗಿದ್ದ ಕಣ್ಣುಗಳು ಈಗ ನೇರ ಅವನನ್ನೇ ನೋಡುತ್ತಿದ್ದವು. ಕೈ ಮುಗಿದಿದ್ದಳು, ಕಾದಿದ್ದಳು. ನಡುವೆ ಬಣ್ಣದ ನೆವ ಉಳಿದಿರಲಿಲ್ಲ. ಹೆಂಡತಿ ಮಗಳು ತಾವಾಗಿ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಅವನು ಬಾಯಿ ತೆರೆದ. ಕ್ಷಮಿಸಿದೆ ಎನ್ನುವುದಕ್ಕೆ ಅವಳು ಮಾಡಿದ ತಪ್ಪೊಂದು ನೆನಪಿಗೆ ಬರಬೇಕು, ಹುಡುಕಿದ, ಸಿಗಲಿಲ್ಲ. ನನ್ನನ್ನು ಕ್ಷಮಿಸು ಎನ್ನುವುದಕ್ಕೆ ಎಲ್ಲಿಂದ ಶುರು ಮಾಡುವುದು? ಗುರುಜಿಯ ಪಾಟಿಯಿಂದಲೋ, ಇವತ್ತಿನ ಅಭಯಕುಮಾರನಿಂದಲೋ? ಒಳಗಿದ್ದವರಿಗೆ ಕೇಳಿಸಿದ್ದು ಒಂದೇ ಮಾತು: "ಆ ಫ್ಯಾನ್ ಬಂದ್ ಮಾಡ್ರಿ, ಫೋಟೋ ಹಾರಾಕತ್ತೈತಿ." ಫ್ಯಾನು ತಿರುಗುತ್ತಿರಲಿಲ್ಲ.

ಸುಶೀಲಾಬಾಯಿ ಚೌಕಟ್ಟು ತಂದಿಟ್ಟಳು. ಶಾಯಿ ಒಣಗಲಿ ಎಂದ. ತಿಂಗಳಾಯಿತು, ಮಳೆಗಾಲ, ಇನ್ನೂ ಹಸಿ ಇದೆ ಎಂದ. ಶಿರೋಳದ ಬಂಧುಗಳು ಕೇಳಿದರೆ, ಬೀಗರು ಕೇಳಿದರೆ, ಮಗಳಿಂದ ಚೆನ್ನಾದ ಪ್ರತಿ ತೆಗೆಸಿ ಕೊಟ್ಟ. ಅವರ ಮನೆಗಳ ಗೋಡೆಯ ಮೇಲೆ ಮಾಣಿಕಬಾಯಿ ಬೆಲ್ಲದ ಬಣ್ಣದಲ್ಲಿ ನಿಂತಿದ್ದಾಳೆ. ಅಂಥ ಮನೆಗೆ ಹೋದರೆ ಜಿನಗೊಂಡ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಾನೆ.

ಭಾದ್ರಪದದ ವ್ರತದ ಪರ್ವ ಮುಗಿದು ಕ್ಷಮಾವಣಿ ಬಂತು. ಜೈನರೆಲ್ಲ ಒಬ್ಬರಿಗೊಬ್ಬರು ಉತ್ತಮ ಕ್ಷಮೆ ಹೇಳಿಕೊಳ್ಳುವ ದಿನ. ಸುಶೀಲಾಬಾಯಿ ಸೋನಲ ಗಡಹಿಂಗ್ಲಜದ ಕಡೆ ಹೊರಟರು, ಅವನನ್ನೂ ಕರೆದರು. ಮಗ್ಗಕ್ಕೆ ಹಾಸುನೂಲಿನ ಬೀಮು ಏರಿಸುವುದಿದೆ, ನಾ ಬಿಟ್ಟು ಬಂದರೆ ಕೂಲಿಯವರು ಕೆಡಿಸುತ್ತಾರೆ ಎಂದ. ಹೋದವರು ಮರಳಿದಾಗ, ಏನಾದರೂ ಕೇಳಿದರಾ ಎಂದ. ಮಾತಾಜಿ ಯಾರ ಬಗ್ಗೆಯೂ ಏನನ್ನೂ ಕೇಳುವುದಿಲ್ಲ ಎಂದಳು ಹೆಂಡತಿ.

ದೀಪಾವಳಿ ಕಳೆದು ಚಾತುರ್ಮಾಸ ಮುಗಿಯಿತು, ಸಂಘ ಕರ್ನಾಟಕದ ಕಡೆ ಕಾಲ್ನಡಿಗೆಯ ವಿಹಾರ ಹೊರಟಿತು. ಈಗ ಯಾರಾದರೂ ಆ ದಾರಿಯಿಂದ ಬಂದವರು ಸಿಕ್ಕರೆ, ಸಂಘ ಎಲ್ಲಿಯವರೆಗೆ ಬಂತಂತೆ, ಮೊಣಕಾಲು ಹೇಗಿದೆಯಂತೆ ಎಂದು ಜಿನಗೊಂಡ ಕೇಳುತ್ತಾನೆ. ಅವರು ಊರಿನ ಹೆಸರು ಹೇಳುತ್ತಾರೆ. ಪ್ರತಿ ಸಲ ಆ ಊರು ಇನ್ನಷ್ಟು ದೂರದ್ದು. ಮಂಟಪದ ಅಂಚಿನಲ್ಲಿ ನಿಂತು ಮಾಣಿಕಬಾಯಿ ತಮ್ಮನಲ್ಲಿ ಬೇಡಿದ್ದನ್ನು ತಮ್ಮ ಇನ್ನೂ ಕೊಟ್ಟಿಲ್ಲ.